ವಿಕಲ್ಪವೂ ಲಾಘವವೂ: ತಂತ್ರಾಂಶರಚನೆಯ ಚರಿತ್ರೆಯಿಂದ ಒಂದು ವಿಚಾರ

೧

ಶಾಸ್ತ್ರರಚನೆಯಲ್ಲಿ ಲಾಘವವು ಎಷ್ಟು ದೊಡ್ಡ ಗುಣವೆಂಬುದನ್ನು ವ್ಯಾಕರಣವನ್ನು ವ್ಯಾಸಂಗಮಾಡಿದವರಿಗೆ ಹೇಳಬೇಕಾದುದಿಲ್ಲ. ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೂ ವೈಯಾಕರಣನು ಹಿಗ್ಗುವನೆಂಬ ಪ್ರಸಿದ್ಧಿಯುಂಟು. ಆದರೆ ಅದೇ ವೈಯಾಕರಣನು, ಲೋಕದಲ್ಲಿ ಎರಡು ರೂಪಗಳು ಶಿಷ್ಟರ ಬಳಕೆಯಲ್ಲಿರುವುದನ್ನು ಕಂಡಾಗ, ಒಂದನ್ನು ತಳ್ಳಿಬಿಟ್ಟು ಸೂತ್ರವನ್ನು ಚಿಕ್ಕದು ಮಾಡಿಕೊಳ್ಳುವುದಿಲ್ಲ; ವಿಕಲ್ಪವಿಧಿಯನ್ನು ಹೇಳಿ ಗ್ರಂಥವನ್ನು ಅಷ್ಟುಮಟ್ಟಿಗೆ ಬೆಳಸುತ್ತಾನೆ. ಲಾಘವವೂ ಬೇಕು, ವಿಕಲ್ಪವೂ ಬೇಕು. ಒಂದು ಹೆಚ್ಚಿದರೆ ಮತ್ತೊಂದು ಕುಗ್ಗುವುದು.

ಈ ಹಳೆಯ ವಿರೋಧವೇ ಕಳೆದ ಅರ್ಧಶತಮಾನಕ್ಕೂ ಮೇಲ್ಪಟ್ಟ ಕಾಲದಿಂದ ಮತ್ತೊಂದು ಕ್ಷೇತ್ರದಲ್ಲಿ ತಲೆಯೆತ್ತಿದೆ. ಅದು ಗಣಕಯಂತ್ರಗಳನ್ನು ನಡೆಸುವ ತಂತ್ರಾಂಶಗಳ ರಚನೆ. ಬಳಸುವವನ ಇಷ್ಟದಂತೆ ಹೀಗೂ ಹಾಗೂ ನಡೆಯುವಂತೆ ತಂತ್ರಾಂಶದಲ್ಲಿ ಕಲ್ಪಿಸಿಕೊಟ್ಟ ಅನುಕೂಲವನ್ನು, ಅದು ಆಜ್ಞೆಗೆ ಸೇರಿಸುವ ಒಂದು ಸಂಕೇತಾಕ್ಷರವಾಗಿರಲಿ, ತೆರೆಯ ಮೇಲಿನ ಒಂದು ಗುಂಡಿಯಾಗಿರಲಿ, ಇಲ್ಲಿ ವಿಕಲ್ಪವೆಂದು ಕರೆಯುತ್ತೇವೆ. ತಿಳಿಯಬೇಕಾದುದು, ಆರಿಸಬೇಕಾದುದು, ನೆನಪಿನಲ್ಲಿಡಬೇಕಾದುದು ಕಡಮೆಯಾಗಿರುವುದೇ ಲಾಘವ. ಅದರ ಪ್ರತಿಯೋಗಿ ಗೌರವ, ಎಂದರೆ ಭಾರ. ವಿಕಲ್ಪಗಳೆಷ್ಟಿರಬೇಕೆಂಬ ವಿಚಾರದಲ್ಲಿ ತಂತ್ರಾಂಶಕಾರರು ನಡೆಸಿದ ವಾದದ ಚರಿತ್ರೆಯನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸಿ, ವಾದವು ನಿಜವಾಗಿ ಸಂಖ್ಯೆಯನ್ನು ಕುರಿತದ್ದಲ್ಲ, ಭಾರವನ್ನು ಯಾರು ಹೊರಬೇಕೆಂಬುದನ್ನು ಕುರಿತದ್ದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಸಾಹಿತ್ಯದ ಅಧ್ಯಾಪಕರಿಗೆ ಈ ವಿಚಾರದಿಂದ ಪ್ರಯೋಜನವೇನೆಂಬ ಶಂಕೆ ಹುಟ್ಟಬಹುದು. ಇಂದು ನಮ್ಮ ಲೇಖನ, ಸಂಪಾದನ, ಮುದ್ರಣಗಳೆಲ್ಲವೂ ಈ ಯಂತ್ರದ ಮೂಲಕವೇ ಸಾಗುತ್ತಿವೆ. ಆದಕಾರಣ ಅಲ್ಲಿ ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂಬುದು ನಮ್ಮ ಅಕ್ಷರದವರೆಗೂ ಬಂದು ಮುಟ್ಟುತ್ತದೆ. ಅದನ್ನು ಐದನೆಯ ಪ್ರಕರಣದಲ್ಲಿ ಕಾಣಬಹುದು.

೨

ಮೊದಲನೆಯ ನಿದರ್ಶನವು ಲೇಖನಕ್ಕೇ ಸಂಬಂಧಿಸಿದುದು. ಕ್ಯಾಲಿಫೋರ್ನಿಯಾ ಪ್ರಾಂತದ ಪಾಲೋ ಆಲ್ಟೋ ಎಂಬಲ್ಲಿ ಜೆರಾಕ್ಸ್ ಸಂಸ್ಥೆಯವರು ೧೯೭೦ರಲ್ಲಿ ಒಂದು ಸಂಶೋಧನಾಲಯವನ್ನು ಸ್ಥಾಪಿಸಿದರು. ಅಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಎಂಬವರು ೧೯೭೪ರಲ್ಲಿ ‘ಬ್ರಾವೋ’ ಎಂಬ ಲೇಖನ ತಂತ್ರಾಂಶವನ್ನು ಸಿದ್ಧಪಡಿಸಿದರು. ಅದು ಬಹು ಶಕ್ತಿಯುಳ್ಳದ್ದು. ಆದರೆ ಅದರಲ್ಲಿ ಎರಡು ಅವಸ್ಥೆಗಳಿದ್ದುವು. ಒಂದರಲ್ಲಿ ಒತ್ತಿದ ಅಕ್ಷರವು ಅಕ್ಷರವಾಗಿಯೇ ಬರಹದಲ್ಲಿ ಸೇರುವುದು. ಮತ್ತೊಂದರಲ್ಲಿ ಅದೇ ಅಕ್ಷರವು ಆಜ್ಞೆಯಾಗುವುದು. ತಾನಿರುವ ಅವಸ್ಥೆಯನ್ನು ಮರೆತು ಒಬ್ಬನು ‘ಎಡಿಟ್’ ಎಂಬ ಇಂಗ್ಲಿಷ್ ಪದವನ್ನು ಒತ್ತಿದನೆಂದು ಭಾವಿಸಿ. ಮೊದಲ ಅಕ್ಷರವಾದ ‘ಇ’ಯಿಂದ ಬರಹವೆಲ್ಲವೂ ಆಯ್ಕೆಗೊಂಡಿತು, ‘ಡಿ’ಯಿಂದ ಅದೆಲ್ಲವೂ ಅಳಿಯಿತು, ‘ಐ’ಯಿಂದ ಹೊಸ ಅಕ್ಷರವನ್ನು ಸೇರಿಸುವ ಅವಸ್ಥೆ ಬಂದಿತು, ಕಡೆಗೆ ‘ಟಿ’ ಎಂಬ ಅಕ್ಷರವೊಂದು ಅಚ್ಚಾಯಿತು. ಇಡೀ ಗ್ರಂಥವು ಹೋಗಿ ಒಂದಕ್ಷರ ಮಾತ್ರ ಉಳಿಯಿತು. ತಂತ್ರಾಂಶಕಾರರ ವಲಯದಲ್ಲಿ ಈ ಕಥೆ ಇಂದಿಗೂ ಪ್ರಸಿದ್ಧವಾಗಿದೆ.

ಜೆರಾಕ್ಸ್ ಸಂಸ್ಥೆಗೆ ಸೇರಿದ್ದ ಜಿನ್ ಎಂಬ ಪಠ್ಯಪುಸ್ತಕ ಪ್ರಕಾಶನದವರಿಗಾಗಿ ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಎಂಬಿಬ್ಬರು ೧೯೭೪–೭೫ರಲ್ಲಿ ‘ಜಿಪ್ಸಿ’ ಎಂಬ ಮತ್ತೊಂದು ತಂತ್ರಾಂಶವನ್ನು ರಚಿಸಿದರು. ಅವರು ಯಂತ್ರದಿಂದ ಪ್ರಾರಂಭಿಸದೆ, ಗ್ರಂಥಸಂಪಾದಕರು ಕಾಗದದ ಮೇಲೆ ಹೇಗೆ ಕೆಲಸಮಾಡುತ್ತಾರೆಂಬುದನ್ನು ನೋಡುವುದರಿಂದ ಪ್ರಾರಂಭಿಸಿದರು. ಸಂಪಾದಕನು ಮೊದಲು ಭಾಗವನ್ನು ಗುರುತಿಸುತ್ತಾನೆ, ಬಳಿಕ ಅದನ್ನು ಏನು ಮಾಡಬೇಕೆಂದು ಹೇಳುತ್ತಾನೆ. ಬೇಡವಾದುದನ್ನು ಕತ್ತರಿಸುತ್ತಾನೆ, ಬೇಕಾದೆಡೆಗೆ ಅಂಟಿಸುತ್ತಾನೆ. ಈ ಕ್ರಮವನ್ನೇ ಅನುಸರಿಸಿದುದರಿಂದ ಎರಡು ಅವಸ್ಥೆಗಳ ಆವಶ್ಯಕತೆಯೇ ಇಲ್ಲವಾಯಿತು. ಅಕ್ಷರವು ಯಾವಾಗಲೂ ಅಕ್ಷರವೇ.

ಇಲ್ಲಿ ಗಮನಿಸತಕ್ಕುದೇನೆಂದರೆ, ಜಿಪ್ಸಿಯಲ್ಲಿ ಲಾಘವವು ಬಂದದ್ದು ಶಕ್ತಿಯನ್ನು ಕಡಮೆಮಾಡಿದುದರಿಂದಲ್ಲ. ಬಳಸುವವನು ಪ್ರತಿಕ್ಷಣವೂ ಹೊತ್ತಿರಬೇಕಾಗಿದ್ದ ಎಚ್ಚರದ ಭಾರವನ್ನು ರಚಿಸುವವರು ತಮ್ಮ ಮೇಲೆ ತೆಗೆದುಕೊಂಡುದರಿಂದ. ಟೆಸ್ಲರನೇ ಮುಂದೆ ೧೯೮೦ರ ದಶಕದಲ್ಲಿ ಇದನ್ನು ಒಂದು ನಿಯಮವಾಗಿ ಹೇಳಿದನು. ಪ್ರತಿಯೊಂದು ಕಾರ್ಯದಲ್ಲಿಯೂ ನೀಗಲಾರದ ಒಂದು ಪ್ರಮಾಣದ ಜಟಿಲತೆಯಿರುವುದು. ಅದು ನಾಶವಾಗುವುದಿಲ್ಲ, ಅದನ್ನು ಯಾರು ಹೊರುವರೆಂಬುದು ಮಾತ್ರ ಪ್ರಶ್ನೆ ಎಂಬುದು ಆ ನಿಯಮದ ತಾತ್ಪರ್ಯ.

ಮೌಸ್ ಎಂಬ ಉಪಕರಣದ ಗುಂಡಿಗಳ ಚರಿತ್ರೆಯೂ ಈ ನಿಯಮಕ್ಕೆ ಸಾಕ್ಷಿ. ಡಗ್ಲಸ್ ಎಂಗೆಲ್‌ಬಾರ್ಟ್ ೧೯೬೮ನೆಯ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿದ್ವಾಂಸರ ಮುಂದೆ ಪ್ರದರ್ಶಿಸಿದ ಮೌಸ್‌ಗೆ ಮೂರು ಗುಂಡಿಗಳು. ಜೆರಾಕ್ಸ್‌ನವರ ೧೯೮೧ರ ‘ಸ್ಟಾರ್’ ಯಂತ್ರದಲ್ಲಿ ಎರಡು; ಆಪಲ್ ಸಂಸ್ಥೆಯವರ ೧೯೮೩ರ ‘ಲೀಸಾ’, ೧೯೮೪ರ ‘ಮ್ಯಾಕಿಂತಾಷ್’ ಯಂತ್ರಗಳಲ್ಲಿ ಒಂದೇ. ಹೊಸಬನಿಗೆ ಯಾವ ಗುಂಡಿಯನ್ನು ಒತ್ತಬೇಕೆಂಬ ಸಂಶಯವು ತಪ್ಪಿತು. ಆದರೆ ಮಿಕ್ಕ ಗುಂಡಿಗಳ ಕೆಲಸವು ಎಲ್ಲಿಗೆ ಹೋಯಿತು? ಅದು ಒಂದೇ ಗುಂಡಿಯನ್ನು ಎರಡು ಬಾರಿ ಒತ್ತುವ ಕ್ರಮದೊಳಕ್ಕೂ, ಕೀಲಿಮಣೆಯ ಬೇರೊಂದು ಕೀಲಿಯನ್ನು ಒತ್ತಿಹಿಡಿಯುವ ಕ್ರಮದೊಳಕ್ಕೂ ಸೇರಿಕೊಂಡಿತು. ೨೦೦೫ರಲ್ಲಿ ಅದೇ ಸಂಸ್ಥೆಯವರು ಒಂದಕ್ಕಿಂತ ಹೆಚ್ಚು ಗುಂಡಿಗಳ ಕೆಲಸಮಾಡುವ ಮೌಸ್ ಅನ್ನು ಹೊರಡಿಸಿದರು.

೩

ಎರಡನೆಯ ನಿದರ್ಶನವು ವಿಕಲ್ಪಗಳನ್ನು ನೇರವಾಗಿ ಖಂಡಿಸಿದವರದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಎಂಬವರು ೧೯೬೯ರಲ್ಲಿ ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಆರಂಭಿಸಿದರು. ಒಂದೊಂದು ತಂತ್ರಾಂಶವೂ ಒಂದೇ ಕೆಲಸವನ್ನು ಚೆನ್ನಾಗಿ ಮಾಡಬೇಕು, ಹೊಸ ಕೆಲಸಕ್ಕೆ ಹಳೆಯ ತಂತ್ರಾಂಶವನ್ನು ಜಟಿಲಗೊಳಿಸದೆ ಹೊಸದನ್ನೇ ಬರೆಯಬೇಕು ಎಂಬುದು ಆ ಸಂಪ್ರದಾಯದ ತತ್ತ್ವ. ಡಗ್ಲಸ್ ಮೆಕಿಲ್‌ರಾಯ್ ಮತ್ತು ಆತನ ಸಹೋದ್ಯೋಗಿಗಳು ಅದನ್ನು ೧೯೭೮ರಲ್ಲಿ ಬರಹಕ್ಕೆ ಇಳಿಸಿದರು. ಆ ವ್ಯವಸ್ಥೆಯಲ್ಲಿ ‘ಕ್ಯಾಟ್’ ಎಂಬ ಸಣ್ಣ ತಂತ್ರಾಂಶವೊಂದುಂಟು. ಕಡತಗಳನ್ನು ಒಂದರ ಹಿಂದೊಂದು ಜೋಡಿಸಿ ಹೊರಕ್ಕೆ ಕೊಡುವುದಷ್ಟೇ ಅದರ ಕೆಲಸ. ೧೯೭೧ರ ಮೊದಲನೆಯ ಕೈಪಿಡಿಯಲ್ಲಿ ಅದಕ್ಕೆ ಯಾವ ವಿಕಲ್ಪವೂ ಇರಲಿಲ್ಲ.

ಕಾಲಕ್ರಮದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರ ಪರಿಷ್ಕರಣದಲ್ಲಿ ಕ್ಯಾಟ್‌ಗೆ ಪಂಕ್ತಿಗಳಿಗೆ ಸಂಖ್ಯೆ ಹಾಕುವ ವಿಕಲ್ಪವೂ, ಕಣ್ಣಿಗೆ ಕಾಣದ ಚಿಹ್ನೆಗಳನ್ನು ಕಾಣಿಸುವ ವಿಕಲ್ಪವೂ ಸೇರಿದುವು. ಇದನ್ನು ಆಕ್ಷೇಪಿಸಿ ರಾಬ್ ಪೈಕ್ ೧೯೮೩ರಲ್ಲಿ ಒಂದು ಸಮ್ಮೇಳನದಲ್ಲಿ ಉಪನ್ಯಾಸ ಮಾಡಿದನು. ಮರುವರ್ಷ ಬ್ರಯನ್ ಕರ್ನಿಘನ್‌ನೊಡನೆ ಕೂಡಿ ಅದೇ ವಿಚಾರವನ್ನು ಪ್ರಬಂಧವಾಗಿ ಬರೆದನು. ಕಾಣದ ಚಿಹ್ನೆಗಳನ್ನು ಕಾಣಿಸುವುದು ಬೇಡವೆಂದು ಅವರು ಹೇಳಲಿಲ್ಲ; ಅದು ಜೋಡಿಸುವ ಕೆಲಸವಲ್ಲವಾದುದರಿಂದ ಅದಕ್ಕೆ ಪ್ರತ್ಯೇಕವಾದ ತಂತ್ರಾಂಶವಿರಲಿ, ಆಗ ಅದು ಕ್ಯಾಟ್‌ಗೆ ಮಾತ್ರವಲ್ಲದೆ ಎಲ್ಲ ತಂತ್ರಾಂಶಗಳಿಗೂ ಒದಗುವುದು ಎಂದರು. ಅನುಕೂಲವನ್ನು ನಿರಾಕರಿಸದೆ ಅದರ ಸ್ಥಾನವನ್ನು ಮಾತ್ರ ವಿಚಾರಿಸಿದುದರಿಂದ ಈ ವಾದಕ್ಕೆ ಬಲವುಂಟು.

ಆದಾಗ್ಯೂ ವ್ಯವಹಾರದಲ್ಲಿ ಈ ಪಕ್ಷವು ಗೆಲ್ಲಲಿಲ್ಲ. ಇಂದು ವಿಶೇಷವಾಗಿ ಬಳಕೆಯಲ್ಲಿರುವ ಗ್ನೂ ಸಂಪ್ರದಾಯದ ಕ್ಯಾಟ್‌ನಲ್ಲಿ ಒಂದಕ್ಷರದ ವಿಕಲ್ಪಗಳೇ ಹತ್ತು ಇವೆ. ಸೋಲಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಒಂದು ವಿಕಲ್ಪವನ್ನು ಸೇರಿಸಿದಾಗ ಅದರ ಲಾಭವು ಕೇಳಿದವನಿಗೆ ಕೂಡಲೇ ಕೈಗೆ ಸಿಕ್ಕುವುದು. ಅದರ ಭಾರವಾದರೋ ಎಲ್ಲ ಬಳಕೆಗಾರರ ಮೇಲೆ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಕಾಣದಷ್ಟು ಸಣ್ಣದಾಗುವುದು. ಹನಿಗೂಡಿದರೆ ಹಳ್ಳವೆಂಬುದು ಹನಿ ಬೀಳುವಾಗ ಯಾರಿಗೂ ತೋರುವುದಿಲ್ಲ.

೪

ಹಳ್ಳವಾದ ಮೇಲಿನ ಕಥೆಯೇ ಮೂರನೆಯ ನಿದರ್ಶನ. ಮೈಕ್ರೋಸಾಫ್ಟ್ ಸಂಸ್ಥೆಯವರ ‘ವರ್ಡ್’ ಎಂಬ ಲೇಖನ ತಂತ್ರಾಂಶವು ಪರಿಷ್ಕರಣದಿಂದ ಪರಿಷ್ಕರಣಕ್ಕೆ ಬೆಳೆಯುತ್ತ ಬಂದು, ೨೦೦೩ರ ಆವೃತ್ತಿಯಲ್ಲಿ ಅದರ ಉಪಕರಣಪಟ್ಟಿಗಳ ಸಂಖ್ಯೆ ೩೧ ಆಯಿತು. ಬಳಕೆಗಾರರು ಹೊಸದಾಗಿ ಬೇಕೆಂದು ಕೇಳುತ್ತಿದ್ದ ಅನುಕೂಲಗಳಲ್ಲಿ ಅನೇಕವು ಆಗಲೇ ತಂತ್ರಾಂಶದೊಳಗಿದ್ದುವೆಂಬುದು ಅದರ ರಚನಕಾರರಿಗೇ ತಿಳಿದುಬಂದಿತು. ಇದ್ದೂ ಸಿಕ್ಕದ ವಿಕಲ್ಪವು ಇಲ್ಲದುದಕ್ಕಿಂತ ಹೇಗೆ ಮೇಲು?

ಈ ಭಾರವನ್ನು ಇಳಿಸಲು ಆ ಸಂಸ್ಥೆಯವರು ಎರಡು ಉಪಾಯಗಳನ್ನು ಹೂಡಿದರು. ‘ಆಫೀಸ್ ೨೦೦೦’ ಎಂಬ ಆವೃತ್ತಿಯಲ್ಲಿ, ಒಬ್ಬನು ವಿರಳವಾಗಿ ಬಳಸುವ ಅಂಶಗಳನ್ನು ಮೆನುವಿನಿಂದ ಯಂತ್ರವೇ ಮರೆಮಾಡುತ್ತಿತ್ತು. ಮೆನು ಚಿಕ್ಕದಾಯಿತು ನಿಜ. ಆದರೆ ನಿನ್ನೆ ಇದ್ದುದು ಇಂದು ಇದ್ದೆಡೆಯಲ್ಲಿ ಇಲ್ಲದೆ ಹೋಗಿ ಹುಡುಕುವ ಶ್ರಮವು ಹೆಚ್ಚಿತು. ೨೦೦೭ರ ಆವೃತ್ತಿಯಲ್ಲಿ ಆ ಉಪಾಯವನ್ನು ಬಿಟ್ಟು, ಅನುಕೂಲಗಳನ್ನು ಕಾರ್ಯಾನುಗುಣವಾಗಿ ವರ್ಗೀಕರಿಸಿ ‘ರಿಬ್ಬನ್’ ಎಂಬ ಒಂದೇ ಪಟ್ಟಿಯಲ್ಲಿ ನೆಲೆಗೊಳಿಸಿದರು.

ನೈಯಾಯಿಕರು ಲಾಘವವನ್ನು ಶರೀರಕೃತ, ಉಪಸ್ಥಿತಿಕೃತ, ಸಂಬಂಧಕೃತವೆಂದು ಮೂರಾಗಿ ವಿಂಗಡಿಸುತ್ತಾರೆ. ಅವಯವಗಳು ಕಡಮೆಯಾಗಿರುವುದು ಮೊದಲನೆಯದು. ಬುದ್ಧಿಗೆ ಬೇಗ ತೋರುವುದು ಎರಡನೆಯದು. ೨೦೦೦ದ ಮೆನುವಿನಲ್ಲಿ ಶರೀರಲಾಘವವಿದ್ದು ಉಪಸ್ಥಿತಿಲಾಘವವು ಕೆಟ್ಟಿತ್ತು. ತಂತ್ರಾಂಶಕಾರರ ವಾದಗಳಲ್ಲಿ ‘ಸರಳ’ವೆಂಬ ಒಂದೇ ಪದವು ಈ ಎರಡರ್ಥಗಳಲ್ಲಿಯೂ ಬಳಕೆಯಾಗುವುದರಿಂದಲೇ ಅನೇಕ ವಿವಾದಗಳು ಮುಗಿಯದೆ ಉಳಿದಿವೆಯೆಂದು ನಮ್ಮ ಅಭಿಪ್ರಾಯ.

ಇದೇ ವಿವಾದವು ತೀವ್ರವಾಗಿ ನಡೆದುದು ‘ಗ್ನೋಮ್’ ಎಂಬ ಸ್ವತಂತ್ರ ತಂತ್ರಾಂಶದ ವಿಷಯದಲ್ಲಿ. ೨೦೦೨ರ ಜೂನ್ ತಿಂಗಳಲ್ಲಿ ಹೊರಬಂದ ಅದರ ಎರಡನೆಯ ಆವೃತ್ತಿಯಲ್ಲಿ ಮುಂಚೆಯಿದ್ದ ಅನೇಕ ವಿಕಲ್ಪಗಳನ್ನು ಕೈಬಿಟ್ಟರು. ಅದರ ಪ್ರಮುಖ ರಚನಕಾರರಲ್ಲೊಬ್ಬನಾದ ಹಾವಕ್ ಪೆನಿಂಗ್ಟನ್, ಪ್ರತಿಯೊಂದು ವಿಕಲ್ಪಕ್ಕೂ ಒಂದು ಬೆಲೆಯುಂಟೆಂದು ಅದೇ ವರ್ಷ ಒಂದು ಪ್ರಬಂಧದಲ್ಲಿ ಪ್ರತಿಪಾದಿಸಿದನು. ಈ ಬೆಲೆಯನ್ನು ಗಣಿತದಿಂದಲೂ ತಿಳಿಯಬಹುದು. ಇರಲಿ–ಬೇಡವೆಂಬ ಎರಡು ಸ್ಥಿತಿಗಳುಳ್ಳ, ಒಂದನ್ನೊಂದು ಅವಲಂಬಿಸದ ೧೦ ವಿಕಲ್ಪಗಳಿದ್ದರೆ ತಂತ್ರಾಂಶಕ್ಕೆ ೧,೦೨೪ ರೂಪಗಳಾಗುವುವು. ೨೦ ಇದ್ದರೆ ೧೦,೪೮,೫೭೬. ಇಷ್ಟು ರೂಪಗಳನ್ನೂ ಪರೀಕ್ಷಿಸುವುದು ಯಾರಿಂದಲೂ ಆಗದ ಕೆಲಸ. ಅಲ್ಲದೆ, ಸರಿಯಾದ ನಡವಳಿಕೆ ಯಾವುದೆಂದು ರಚಿಸುವವರೊಳಗೆ ಒಮ್ಮತವಾಗದಿದ್ದಾಗ ‘ವಿಕಲ್ಪವಾಗಿರಲಿ’ ಎಂದು ರಾಜಿಮಾಡಿಕೊಳ್ಳುವುದೂ ಉಂಟು. ಅಂಥಲ್ಲಿ ವಿಕಲ್ಪವು ಕೊಡುಗೆಯಲ್ಲ, ತಾವು ಮಾಡಬೇಕಾದ ನಿರ್ಣಯವನ್ನು ಇತರರ ಮೇಲೆ ಹೊರಿಸುವ ಮಾರ್ಗ.

ಪ್ರತಿಪಕ್ಷವನ್ನೂ ಕೇಳತಕ್ಕುದು ನ್ಯಾಯ. ಲಿನಕ್ಸ್ ವ್ಯವಸ್ಥೆಯ ಕರ್ತನಾದ ಲೀನಸ್ ಟೋರ್ವಾಲ್ಡ್ಸ್ ೨೦೦೫ರಲ್ಲಿ ಗ್ನೋಮ್ ರಚನಕಾರರ ಈ ಧೋರಣೆಯನ್ನು ಕಟುವಾಗಿ ಟೀಕಿಸಿ, ಬಳಸುವವರನ್ನು ಅಜ್ಞರೆಂದು ಭಾವಿಸಿ ಅನುಕೂಲಗಳನ್ನು ಕಿತ್ತುಹಾಕುವುದು ಸಲ್ಲದೆಂದು ವಾದಿಸಿದನು. ಇವನ ಮಾತಿನಲ್ಲಿಯೂ ತಿರುಳುಂಟು. ಬಹುಜನರಿಗೆ ಬೇಡದ ವಿಕಲ್ಪವೊಂದನ್ನು ತೆಗೆದರೆ ಬಹುಜನರಿಗೆ ಆಗುವ ಲಾಭವು ಅಲ್ಪ. ಅದನ್ನೇ ನೆಚ್ಚಿದ್ದ ಕೆಲವರಿಗೆ ಆಗುವ ನಷ್ಟವಾದರೋ ಪೂರ್ಣ. ತಲೆಗಳನ್ನು ಎಣಿಸಿದರೆ ಸಾಲದು, ಒಬ್ಬೊಬ್ಬರ ನಷ್ಟವನ್ನು ತೂಗಬೇಕು.

೫

ಆ ಕೆಲವರು ಯಾರು? ಕನ್ನಡವನ್ನು ಬರೆಯುವವರು ಆ ಕೆಲವರಲ್ಲಿ ಸೇರಿದ ಸಂದರ್ಭಗಳುಂಟು. ಆದುದರಿಂದ ಈಗ ನಮ್ಮ ಲಿಪಿಯ ವಿಚಾರಕ್ಕೆ ಬರೋಣ. ಇಲ್ಲಿ ವಿಕಲ್ಪವನ್ನು ತೆಗೆದು ಒಳ್ಳೆಯದಾದ ನಿದರ್ಶನವೂ ಇದೆ, ತೆಗೆದು ಕೆಟ್ಟ ನಿದರ್ಶನವೂ ಇದೆ.

ಭಾರತಸರ್ಕಾರದ ವಿದ್ಯುನ್ಮಾನ ಇಲಾಖೆಯವರು ೧೯೮೬ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಸಾಧಾರಣವಾಗಿರುವಂತೆ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಮಣೆಯ ವಿನ್ಯಾಸವನ್ನು ನಿಯಮಿಸಿದರು. ಅದರಲ್ಲಿ ‘ಇ’ ಎಂಬ ಸ್ವರಾಕ್ಷರಕ್ಕೂ, ವ್ಯಂಜನದ ಮೇಲೆ ಬರುವ ಅದರ ಗುಡಿಸಿಗೂ ಭೇದವನ್ನು ಬರೆಯುವವನೇ ಸೂಚಿಸಬೇಕು. ಒಂದೇ ಕೀಲಿಯಾದರೂ ಸ್ವರಕ್ಕೆ ಶಿಫ್ಟ್ ಕೀಲಿಯನ್ನೂ ಒತ್ತಬೇಕು. ಕೆ. ಪಿ. ರಾಯರು ಇಂಗ್ಲಿಷ್ ಕೀಲಿಮಣೆಯ ೨೬ ಅಕ್ಷರಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯನ್ನು ಅಳವಡಿಸಿದ ವಿನ್ಯಾಸದಲ್ಲಿ ಈ ಭೇದವನ್ನು ಕೇಳುವುದೇ ಇಲ್ಲ. ಪದದ ಮೊದಲಲ್ಲಿ ಒತ್ತಿದ ಸ್ವರವು ಸ್ವರವಾಗಿಯೇ ನಿಲ್ಲುವುದು. ವ್ಯಂಜನದ ಬಳಿಕ ಒತ್ತಿದರೆ ಗುಣಿತಚಿಹ್ನೆಯಾಗುವುದು. ವ್ಯಂಜನದ ಒಡನೆಯೇ ಪೂರ್ಣ ಸ್ವರಾಕ್ಷರವನ್ನು ಬರೆಯುವ ಪದ್ಧತಿ ಕನ್ನಡದಲ್ಲಿ ಇಲ್ಲದಿರುವುದರಿಂದ ಅಲ್ಲಿ ನಿಜವಾದ ವಿಕಲ್ಪವೇ ಇಲ್ಲ. ಲಿಪಿಯ ನಿಯಮವೇ ನಿರ್ಣಯಿಸಿರುವುದನ್ನು ಬರೆಯುವವನನ್ನು ಮತ್ತೆ ಕೇಳುವುದು ವ್ಯರ್ಥಗೌರವ. ಕನ್ನಡ ಗಣಕ ಪರಿಷತ್ತಿನವರ ‘ನುಡಿ’ ತಂತ್ರಾಂಶದಲ್ಲಿ ಈ ವಿನ್ಯಾಸವೇ ನೆಲೆಗೊಂಡು, ಕರ್ನಾಟಕ ಸರ್ಕಾರದ ಮನ್ನಣೆಯನ್ನೂ ಪಡೆಯಿತು. ಟೆಸ್ಲರನು ಜಿಪ್ಸಿಯಲ್ಲಿ ಮಾಡಿದುದನ್ನೇ ರಾಯರು ಕನ್ನಡದ ಕೀಲಿಮಣೆಯಲ್ಲಿ ಮಾಡಿದರೆನ್ನಬಹುದು: ಭಾರವು ಬರೆಯುವವನ ಬೆರಳಿನಿಂದ ಯಂತ್ರದೊಳಕ್ಕೆ ಹೋಯಿತು.

ಇನ್ನು ಎರಡನೆಯ ನಿದರ್ಶನ. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತಕ್ಷರವಾಗುವುದು ನಮ್ಮ ಲಿಪಿಯ ಉತ್ಸರ್ಗ. ಆದರೆ ‘ರಾಜ್‌ಕುಮಾರ್’ ಎಂದು ಬರೆಯಬೇಕಾದಾಗ ‘ರಾಜ್ಕುಮಾರ್’ ಎಂದಾದರೆ ಹೆಸರೇ ಕೆಟ್ಟಿತು. ಇಲ್ಲಿ ಒತ್ತಕ್ಷರವಾಗಬಾರದೆಂಬುದು ಅಪವಾದ. ಇದನ್ನು ಯಂತ್ರವು ತಾನಾಗಿ ಊಹಿಸಲಾರದು. ಹಾಗೆಯೇ ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಸಹಜವಾದರೂ, ‘ರ‍್ಯಾಂಕ್’ ಎಂಬ ಅನ್ಯದೇಶ್ಯದಲ್ಲಿ ರಕಾರವು ಮೊದಲು ನಿಂತು ಯಕಾರವು ಕೆಳಗೆ ಬರಬೇಕಾಗುವುದು. ಇವು ನಿಜವಾದ ವಿಕಲ್ಪಗಳು. ಇವುಗಳಿಗಾಗಿ ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳುಂಟು; ಒಂದು ಅಕ್ಷರಗಳನ್ನು ಅಗಲಿಸುವುದು, ಮತ್ತೊಂದು ಕೂಡಿಸುವುದು.

ಅಂತರ್ಜಾಲದ ವಿಳಾಸನಾಮಗಳಲ್ಲಿ ಮೊದಲು ಇಂಗ್ಲಿಷಿನ ೨೬ ಅಕ್ಷರ, ೧೦ ಅಂಕೆ, ಒಂದು ಅಡ್ಡಗೆರೆ, ಹೀಗೆ ೩೭ ಚಿಹ್ನೆಗಳಿಗೆ ಮಾತ್ರ ಅವಕಾಶವಿತ್ತು. ೨೦೦೩ರಲ್ಲಿ ಇತರ ಲಿಪಿಗಳಿಗೂ ಎಡೆಕೊಡುವ ನಿಯಮಗಳಾದುವು. ಆ ನಿಯಮಗಳ ಪ್ರಕಾರ ಮೇಲೆ ಹೇಳಿದ ಕಾಣದ ಚಿಹ್ನೆಗಳೆರಡೂ ನಿರರ್ಥಕವೆಂದೆಣಿಸಲ್ಪಟ್ಟು, ಹೆಸರನ್ನು ಪರಿಷ್ಕರಿಸುವಾಗ ಸದ್ದಿಲ್ಲದೆ ಅಳಿಸಲ್ಪಡುತ್ತಿದ್ದುವು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರುಗಳಿಂದ ಮೋಸವಾಗಬಾರದೆಂಬ ಸದುದ್ದೇಶವು ಅದರಲ್ಲಿಲ್ಲದೆ ಇಲ್ಲ. ಇಂಗ್ಲಿಷಿನವನಿಗೆ ಅದರಿಂದ ಲಾಘವವೇ ಆಯಿತು. ಕನ್ನಡದ ‘ರಾಜ್‌ಕುಮಾರ್’ ಮಾತ್ರ ‘ರಾಜ್ಕುಮಾರ್’ ಆದನು. ಪಾರಸಿಕ, ಸಿಂಹಳ ಭಾಷೆಗಳವರಿಗೂ ಇದೇ ತೊಂದರೆ. ೨೦೧೦ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಗಳಲ್ಲಿ ಈ ಚಿಹ್ನೆಗಳಿಗೆ ಎಲ್ಲೆಡೆಯೂ ಅಲ್ಲದೆ ಸಂದರ್ಭಾನುಸಾರವಾಗಿ ಅವಕಾಶ ದೊರೆಯಿತು. ನಮ್ಮ ಲಿಪಿಗಳ ಮಟ್ಟಿಗೆ, ಅರ್ಧಾಕ್ಷರದ ಚಿಹ್ನೆಯ ಒಡನೆಯೇ ಅವು ಬಂದಲ್ಲಿ ಉಳಿಯುವುವು. ‘ರಾಜ್‌ಕುಮಾರ್’ ಇದರಿಂದ ಉದ್ಧಾರವಾದನು. ‘ರ‍್ಯಾಂಕ್’ ಎಂಬುದರಲ್ಲಿ ಕೂಡಿಸುವ ಚಿಹ್ನೆಯು ಅರ್ಧಾಕ್ಷರದ ಚಿಹ್ನೆಗಿಂತ ಮೊದಲೇ ಬರುವುದರಿಂದ ಅದಕ್ಕೆ ಆ ನಿಯಮದಲ್ಲಿ ಎಡೆಯಾಗಲಿಲ್ಲ.

೬

ಮೇಲಿನ ನಿದರ್ಶನಗಳಿಂದ ಸಿದ್ಧಾಂತವನ್ನು ಹೊರಡಿಸಲು ವ್ಯಾಕರಣವೇ ಮತ್ತೆ ನೆರವಾಗುವುದು. ಪಾಣಿನಿಯು ವಿಕಲ್ಪವನ್ನು ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’ ಎಂಬ ಮೂರು ಪದಗಳಿಂದ ಸೂಚಿಸುತ್ತಾನೆ. ಸಂಪ್ರದಾಯದವರು ಇವು ಸಮಾನಾರ್ಥಕಗಳೆಂದು ತಿಳಿದಿದ್ದರು. ಪಾಲ್ ಕಿಪಾರ್ಸ್ಕಿ ಎಂಬ ಭಾಷಾವಿಜ್ಞಾನಿಯು ೧೯೭೯ರ ತನ್ನ ಗ್ರಂಥದಲ್ಲಿ ಇವುಗಳಿಗೆ ಅರ್ಥಭೇದವುಂಟೆಂದು ವಾದಿಸಿದನು: ಮೊದಲನೆಯದು ಪ್ರಾಯಿಕವಾದ ವಿಧಿ, ಎರಡನೆಯದು ವಿರಳವಾದ ವಿಧಿ, ಮೂರನೆಯದು ಎರಡು ಪಕ್ಷಗಳೂ ಸಮಾನವಾದ ವಿಧಿ. ಪಾಣಿನಿಯ ವಿಷಯದಲ್ಲಿ ಈ ಮತವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ವೈಯಾಕರಣರು ವಿಚಾರಿಸಲಿ. ತಂತ್ರಾಂಶರಚನೆಗೆ ಈ ವಿಭಾಗವು ಬಹಳ ಒಪ್ಪುವುದು. ಎರಡು ಪಕ್ಷಗಳಿಗೂ ಸಮಾನವಾದ ಬಳಕೆಯಿದ್ದರೆ ಎರಡನ್ನೂ ಕಣ್ಣೆದುರಿಗೇ ಇಡಬೇಕು. ಒಂದು ಪ್ರಾಯಿಕ, ಮತ್ತೊಂದು ವಿರಳವಾದರೆ ಪ್ರಾಯಿಕವನ್ನು ಕೇಳದೆಯೇ ನಡೆಸಿ, ವಿರಳವಾದುದನ್ನು ದಾರಿಗೆ ಅಡ್ಡಬಾರದ, ಆದರೆ ಕದಲದ ಒಂದು ಸ್ಥಾನದಲ್ಲಿ ಉಳಿಸಬೇಕು. ಲಕ್ಷ್ಯದ ನಿಯಮವೇ ನಿರ್ಣಯಿಸುವಲ್ಲಿ ವಿಕಲ್ಪವನ್ನು ಕಲ್ಪಿಸಲೇ ಬಾರದು.

ಈ ವಿಭಾಗವನ್ನು ಮಾಡುವುದಕ್ಕೆ ತಂತ್ರಾಂಶಕಾರನ ಜಾಣ್ಮೆಯೊಂದೇ ಸಾಲದು. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಿರುವುದು ಲಿಪಿಯ ಆವಶ್ಯಕತೆಯೋ ಬರೆಯುವವನ ಚಾಪಲ್ಯವೋ ಎಂಬುದನ್ನು ಅವನು ತನ್ನ ಭಾಷೆಯಿಂದ ತಿಳಿಯಲಾರನು. ಬಹುಜನರ ಭಾಷೆಯ ಅಳತೆಗೋಲಿನಿಂದ ಅಳೆದಾಗ ಅಲ್ಪಜನರ ಭಾಷೆಯ ಲಕ್ಷಣಗಳೆಲ್ಲವೂ ತೆಗೆದುಹಾಕಬಹುದಾದ ವಿಕಲ್ಪಗಳಂತೆಯೇ ತೋರುವುವು. ಸರಳತೆಯ ಹೆಸರಿನಲ್ಲಿ ಅವುಗಳನ್ನು ಅಳಿಸುವುದು ಸುಲಭ, ಮರಳಿ ತರುವುದಕ್ಕೆ ವರ್ಷಗಳು ಬೇಕು. ೨೦೦೩ರಿಂದ ೨೦೧೦ರವರೆಗಿನ ವೃತ್ತಾಂತವು ಇದನ್ನೇ ಹೇಳುತ್ತದೆ. ಆದುದರಿಂದ ನಮ್ಮ ಬರಹದಲ್ಲಿ ಉತ್ಸರ್ಗವಾವುದು, ಅಪವಾದವಾವುದು, ನಿಜವಾದ ವಿಕಲ್ಪವಾವುದು ಎಂಬುದನ್ನು ಶಾಸ್ತ್ರೀಯವಾಗಿ ನಿರ್ಣಯಿಸಿ, ತಂತ್ರಾಂಶಗಳನ್ನು ರಚಿಸುವವರಿಗೆ ತಿಳಿಯುವ ರೀತಿಯಲ್ಲಿ ಒದಗಿಸಿಕೊಡುವುದು ವ್ಯಾಕರಣ ಸಾಹಿತ್ಯಗಳಲ್ಲಿ ಪರಿಶ್ರಮವುಳ್ಳ ವಿದ್ವಾಂಸರ ಕೆಲಸವಾಗಿದೆ. ಕೇಶಿರಾಜನು ತನ್ನ ಕಾಲದ ಪ್ರಯೋಗಗಳನ್ನು ಪರೀಕ್ಷಿಸಿ ವಿಧಿ ವಿಕಲ್ಪಗಳನ್ನು ವಿಂಗಡಿಸಿದ ಕಾರ್ಯದ ಮುಂದುವರಿಕೆಯೆಂದೇ ಇದನ್ನು ಭಾವಿಸಿ, ಬಲ್ಲವರು ಇದರಲ್ಲಿ ತೊಡಗುವರೆಂದು ಹಾರೈಸುತ್ತೇವೆ.